ಸೊನ್ನೆ ಪಾಯಿಂಟ್ ಎಂಟು ಸೆಕೆಂಡು

ನನ್ನ ತಮ್ಮ ಆರಡಿ ಏಳು ಅಂಗುಲ ಇದ್ದಾನೆ. ಮನೆಯಲ್ಲಿ ಅವನನ್ನು ಪುಟ್ಟ ಎನ್ನುತ್ತೇವೆ. ಹುಟ್ಟಿದಾಗ ತೂಕ ಸಾಲದೆ ಎರಡು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. ಮುಂದೆ ಹೀಗೆ ಬಾಗಿಲಿಗೆ ಹಣೆ ಬಡಿಸಿಕೊಂಡು ಓಡಾಡುತ್ತಾನೆಂದು ಯಾರು ಕನಸು ಕಂಡಿದ್ದರು? ಹೊರಗಿನವರು ಅವನನ್ನು ಏಣಿ ಎನ್ನುತ್ತಾರೆ. ಹದಿನಾರು ವರ್ಷದಿಂದ ಬ್ಯಾಸ್ಕೆಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು, ಅದರಲ್ಲಿ ಹದಿನಾಲ್ಕು ವರ್ಷ ಪರದೇಶದಲ್ಲಿ.

ನಾನು ಅವನ ಅಕ್ಕ. ಹಗಲು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತೇನೆ. ವಾರಕ್ಕೆ ಎರಡು ಸಂಜೆ ಕ್ರೀಡಾಂಗಣದ ಮೇಜಿನ ಹಿಂದೆ ಕೂತು ಪಂದ್ಯದ ಗಡಿಯಾರ ನಡೆಸುತ್ತೇನೆ, ಇದಕ್ಕೆ ಟೈಮರ್ ಎನ್ನುತ್ತಾರೆ. ಈ ಆಟದಲ್ಲಿ ಕಾಲ ಸುಮ್ಮನೆ ಓಡುವುದಿಲ್ಲ. ರೆಫ್ರಿ ಶಿಳ್ಳೆ ಊದಿದರೆ ನಿಲ್ಲಿಸಬೇಕು. ಗೆರೆಯಾಚೆಯಿಂದ ಎಸೆದ ಚೆಂಡು ಒಳಗಿನ ಆಟಗಾರನ ಕೈಗೆ ತಾಗಿದಾಗ ರೆಫ್ರಿ ಎತ್ತಿದ ಕೈ ಇಳಿಸುತ್ತಾರೆ, ಆಗ ಓಡಿಸಬೇಕು. ಓಡಿಸುವುದೂ ನಿಲ್ಲಿಸುವುದೂ ನನ್ನ ಬಲಗೈ ಹೆಬ್ಬೆರಳು.

ಮೇಜಿನವರನ್ನು ಒದಗಿಸುವುದು ಆತಿಥೇಯ ಊರು. ಹಾಗಾಗಿ ಎಲ್ಲ ಊರುಗಳಲ್ಲೂ ಒಂದು ಕಾಯಿಲೆ ಇದೆ. ತನ್ನ ತಂಡ ಸೋಲುತ್ತಿದ್ದರೆ ಟೈಮರ್‌ನ ಬೆರಳು ಕೂದಲೆಳೆಯಷ್ಟು ನಿಧಾನವಾಗುತ್ತದೆ, ಗೆಲ್ಲುತ್ತಿದ್ದರೆ ಚುರುಕಾಗುತ್ತದೆ. ಇದಕ್ಕೆ ‘ಮನೆ ಬೆರಳು’ ಎಂದು ಹೆಸರು. ನನಗೆ ಮನೆ ಬೆರಳಿಲ್ಲ. ಹದಿನೇಳು ವರ್ಷದಲ್ಲಿ ಒಬ್ಬ ಕೋಚ್ ಕೂಡ ನನ್ನ ಮೇಲೆ ದೂರು ಬರೆದಿಲ್ಲ. ಇದನ್ನು ನಾನೇ ಹೇಳಿಕೊಂಡರೆ ಜಂಭ ಅನ್ನಿಸುತ್ತದೆ. ಅನ್ನಿಸಲಿ, ಜಂಭಪಡಲು ನನ್ನ ಹತ್ತಿರ ಇದ್ದದ್ದು ಅದೊಂದೇ.

ಪುಟ್ಟ ಇಲ್ಲಿಯ ಕ್ಲಬ್ಬಿಗೆ ಒಂದು ವರ್ಷ ಆಡಿ, ಇಪ್ಪತ್ತಕ್ಕೆ ಹೊರಟವನು. ಆಮೇಲೆ ಆರು ದೇಶ, ಹನ್ನೊಂದು ಕ್ಲಬ್ಬು. ಇಲ್ಲಿ ಕೂತವರಿಗೆ ದೂರದ ಬೆಟ್ಟ ನುಣ್ಣಗೆ. ಪರದೇಶದಲ್ಲಿ ಆಡುತ್ತಾನಂತೆ ಎಂದು ನೆರೆಮನೆಯವರು ಬಾಯಿ ಬಿಟ್ಟು ಕೇಳುತ್ತಿದ್ದರು. ಅಲ್ಲಿ ಹೊರಗಿನ ಆಟಗಾರರಿಗೆ ಇರುವುದು ಎರಡೋ ಮೂರೋ ಜಾಗ. ಕರೆಸುವುದು ಗೆಲ್ಲಿಸಲಿಕ್ಕೆ. ತಂಡ ಸೋತರೆ ಕತ್ತರಿ ಬೀಳುವುದು ಮೊದಲು ಅವರಿಗೇ. ಲಾಕರುಗಳ ಮೇಲೆ ಊರಿನ ಆಟಗಾರರ ಹೆಸರು ಲೋಹದ ಪಟ್ಟಿಯಲ್ಲಿರುತ್ತದೆ, ಇವನದು ಅಂಟುಪಟ್ಟಿಯ ಮೇಲೆ ಪೆನ್ನಿನಲ್ಲಿ. ಕ್ಲಬ್ಬು ಕೊಟ್ಟ ಫ್ಲಾಟಿನಲ್ಲಿ ಹಿಂದಿನವನು ಬಿಟ್ಟುಹೋದ ಅರ್ಧ ಡಬ್ಬಿ ಉಪ್ಪು, ಒಂಟಿ ಚಪ್ಪಲಿ, ಮುರಿದ ಇಸ್ತ್ರಿಪೆಟ್ಟಿಗೆ. ಮಂಚ ಸಾಲದೆ ತುದಿಗೆ ಸ್ಟೂಲು ಇಟ್ಟುಕೊಂಡು ಕಾಲು ಚಾಚುತ್ತಿದ್ದ. ಒಂದು ದಿನ ಪ್ರಾಕ್ಟೀಸಿನ ಹೊತ್ತಿಗೆ ಅಪರಿಚಿತನೊಬ್ಬ ಬ್ಯಾಗು ಹಿಡಿದು ಗೋಡೆಗೊರಗಿ ನಿಂತಿರುತ್ತಾನೆ, ಹೆಚ್ಚುಕಡಿಮೆ ಇವನಷ್ಟೇ ಎತ್ತರ. ಸಂಜೆಯೊಳಗೆ ಮ್ಯಾನೇಜರ್ ಕಾಫಿಗೆ ಕರೆಯುತ್ತಾನೆ. ಕಾಫಿ ಎಂದರೆ ಗಂಟುಮೂಟೆ ಕಟ್ಟು ಎಂದು ಅರ್ಥ. ನಮ್ಮ ಪುಟ್ಟ ಹೀಗೆ ನಾಲ್ಕು ಸಲ ಕಾಫಿ ಕುಡಿದಿದ್ದಾನೆ.

ಇದನ್ನೆಲ್ಲ ಅವನು ಫೋನಿನಲ್ಲಿ ನಗುನಗುತ್ತಾ ಹೇಳುತ್ತಿದ್ದ. ನಾನು ಈ ಕಡೆ ಕಣ್ಣೊರೆಸಿಕೊಳ್ಳುತ್ತಿದ್ದೆ. ಅಪ್ಪ ತೀರಿಕೊಂಡಾಗ ಅವನು ಬಂದದ್ದು ಐದನೇ ದಿನ. ಎರಡು ದಿನ ಇದ್ದು, ಸೆಮಿಫೈನಲ್ ಇದೆಯೆಂದು ಹೋದ. ಗೆದ್ದನಂತೆ. ಆಗಲೂ ಫೋನ್ ಮಾಡಿ ಹೇಳಿದ, ನಾನು ಒಳ್ಳೆಯದಾಯಿತು ಅಂದೆ.

ಎಂಟು ತಿಂಗಳ ಹಿಂದೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದ. ಇಲ್ಲಿಯ ಕ್ಲಬ್ಬಿನ ಸೆಕ್ರೆಟರಿ ಅವನನ್ನು ನಾಯಕನನ್ನಾಗಿ ಮಾಡಿಕೊಂಡರು. ನಾನು ಬೀರುವಿನ ಅರ್ಧ ಭಾಗ ಖಾಲಿ ಮಾಡಿಕೊಟ್ಟೆ. ಅವನು ಅದರಲ್ಲಿ ಒಂದು ಟವೆಲ್ ಇಟ್ಟ. ಬಟ್ಟೆಯೆಲ್ಲ ಸೂಟ್‌ಕೇಸಿನಿಂದಲೇ ತೆಗೆಯುವುದು, ಒಗೆದು ಒಣಗಿದ ಮೇಲೆ ಅದಕ್ಕೇ ತುಂಬುವುದು. ಟೀ ನಿಂತೇ ಕುಡಿಯುತ್ತಿದ್ದ. ಅಡುಗೆಮನೆಯಿಂದ ಬೀದಿ ಬಾಗಿಲಿಗೆ ಹದಿಮೂರು ಹೆಜ್ಜೆ, ಅವನದಾದರೆ ಎಂಟು. ಆ ಎಂಟನ್ನು ಅಳೆದು ಅಳೆದು ನೆಲ ಸವೆಸಿದ. ಒಂದು ವಾರ ಸೋಫಾ ಕಿಟಕಿಯ ಕೆಳಗೆ, ಮುಂದಿನ ವಾರ ಎದುರು ಗೋಡೆಗೆ. ಕೇಳಿದರೆ, “ಇಲ್ಲಿ ಗಾಳಿ ಚೆನ್ನಾಗಿದೆ ಅಕ್ಕ,” ಎನ್ನುತ್ತಿದ್ದ. ಗಾಳಿ ಎರಡು ಕಡೆಯೂ ಅಷ್ಟೇ.

“ಕೂತ್ಕೊಳ್ಳೋ ಪುಟ್ಟ,” ಎನ್ನುತ್ತಿದ್ದಳು ಅಮ್ಮ. “ನಿನ್ನ ನೋಡಿ ನೋಡಿ ನನ್ನ ಕತ್ತು ಹಿಡ್ಕೊಂಡಿದೆ.”

ಅವನು ಕೂರುತ್ತಿದ್ದ. ಮೊಣಕಾಲು ಮಾತ್ರ ಹೊಲಿಗೆ ಯಂತ್ರದ ಹಾಗೆ ಕುಣಿಯುತ್ತಲೇ ಇರುತ್ತಿತ್ತು.

“ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದವನು. ಅವನು ನಿಲ್ಲಲ್ಲ ಬಿಡು,” ಎಂದು ಅಮ್ಮ ಅವನಿಲ್ಲದಾಗ ನನಗೆ ಹೇಳಿದಳು. ನನಗೆ ಎಲ್ಲಿಲ್ಲದ ಕೋಪ ಬಂತು.

“ಹೆತ್ತವಳು ನೀನೇ ಹೀಗಂದ್ರೆ ಅವನು ಹೇಗಮ್ಮ ನಿಲ್ತಾನೆ?”

ಅವನು ನಿಲ್ಲಬೇಕೆಂಬುದಕ್ಕೆ ನನ್ನಲ್ಲಿ ಒಳ್ಳೊಳ್ಳೆಯ ಕಾರಣಗಳಿದ್ದವು. ವಯಸ್ಸು ಮೂವತ್ತೈದು. ಮೊಣಕಾಲು ಎರಡು ಸಲ ಕುಯ್ಯಿಸಿಕೊಂಡದ್ದು. ಅಮ್ಮನಿಗೆ ಎಪ್ಪತ್ತೆರಡು. ಇದನ್ನೆಲ್ಲ ಎಲ್ಲರಿಗೂ ಹೇಳುತ್ತಿದ್ದೆ. ನಿಜವಾದ ಕಾರಣ ಯಾರಿಗೂ ಹೇಳಿರಲಿಲ್ಲ: ನನಗೆ ತಮ್ಮ ಬೇಕಾಗಿದ್ದ. ಜಗಳವಾಡಲು, ಅಂಗಡಿಯ ಮಾಲೀಕನನ್ನು ಬೈದುಕೊಳ್ಳಲು, ಸುಮ್ಮನೆ ಎದುರಿಗೆ ಕೂರಲು. ಹದಿನಾಲ್ಕು ವರ್ಷ ಅವನನ್ನು ಕಿವಿಗೆ ಒತ್ತಿಕೊಂಡೇ ಬದುಕಿದ್ದೆ.

ಸೆಕ್ರೆಟರಿ ಕಡ್ಡಿ ಮುರಿದಂತೆ ಹೇಳಿದ್ದರು. ಕ್ಲಬ್ಬು ಮೇಲಿನ ದರ್ಜೆಯಲ್ಲಿ ಉಳಿದರೆ ಪುಟ್ಟನಿಗೆ ಮೂರು ವರ್ಷದ ಕೆಲಸ, ಒಂದು ವರ್ಷ ಆಟ, ಎರಡು ವರ್ಷ ಕಿರಿಯರಿಗೆ ಕೋಚ್. ಕೆಳಗಿನ ದರ್ಜೆಗೆ ಬಿದ್ದರೆ ಹುದ್ದೆಯೇ ಇಲ್ಲ. ಕೊನೆಯ ಪಂದ್ಯದ ತನಕ ಎರಡೂ ಆಗಬಹುದಾದ ಸ್ಥಿತಿ. ಅದೇ ಹೊತ್ತಿಗೆ ಪರದೇಶದ ಏಜೆಂಟನಿಂದ ಸಂದೇಶ ಬಂತು. ಅಲ್ಲಿಯ ಎರಡನೇ ದರ್ಜೆಯ ಕ್ಲಬ್ಬೊಂದರಲ್ಲಿ ಯಾರದೋ ಪಾದ ಮುರಿದಿದೆ, ಉಳಿದ ಮೂರು ತಿಂಗಳಿಗೆ ಒಬ್ಬ ಬೇಕು.

“ಏನಂದೆ ಅವನಿಗೆ?” ಎಂದು ಕೇಳಿದೆ.

“ಸೋತ್ರೆ ಬರ್ತೀನಿ ಅಂದೆ.”

“ಗೆದ್ರೆ?”

“ಗೆದ್ರೆ ಇಲ್ಲೇ ಅಕ್ಕ. ಸೆಕ್ರೆಟರಿಗೂ ಮಾತು ಕೊಟ್ಟಿದೀನಿ.”

“ಎರಡೂ ಕಡೆ ಮಾತು ಕೊಟ್ಟಿದೀಯಲ್ಲೋ. ನಿನಗೆ ಯಾವುದು ಬೇಕು?”

ಅವನು ಸೋಫಾದ ಒಂದು ತುದಿ ಎತ್ತಿ, “ಇದನ್ನ ಸ್ವಲ್ಪ ಆ ಕಡೆ ಹಾಕೋಣ್ವಾ?” ಎಂದ.

ಆ ಪಂದ್ಯಕ್ಕೆ ನಾನು ಕೂರುವುದು ಬೇಡ ಎಂದು ಪಂದ್ಯಗಳನ್ನು ನಡೆಸುವ ಬ್ಯಾಸ್ಕೆಟ್‌ಬಾಲ್ ಸಂಘಕ್ಕೆ ಫೋನ್ ಮಾಡಿದ್ದೆ. ಸುಳ್ಳು ಹೇಳುತ್ತಿಲ್ಲ, ಎರಡು ಸಲ ಮಾಡಿದ್ದೆ. ರೆಫ್ರಿಗಳ ಮುಖ್ಯಸ್ಥರು, “ಅಕ್ಕ ತಮ್ಮ ಅನ್ನೋದು ಎಲ್ಲಾ ಕ್ಲಬ್ಬಿಗೂ ಗೊತ್ತು ಮೇಡಂ, ಯಾರದ್ದೂ ತಕರಾರಿಲ್ಲ. ನಿಮ್ಮ ಬೆರಳಿನ ಮೇಲೆ ಇರೋ ನಂಬಿಕೆ ನಮ್ಮ ಶಿಳ್ಳೆ ಮೇಲೂ ಇಲ್ಲ,” ಎಂದರು. ಹೊಗಳಿಕೆಗೆ ಉಬ್ಬದವರು ಯಾರು? ಒಪ್ಪಿಕೊಂಡೆ.

ಭಾನುವಾರ ಸಂಜೆ. ಎಂಟುನೂರು ಜನ ಹಿಡಿಸುವ ಹಾಲು ತುಂಬಿತ್ತು. ನನ್ನ ಪಕ್ಕ ಅಂಕ ಬರೆಯುವ ನಿವೃತ್ತ ಗಣಿತದ ಮೇಷ್ಟ್ರು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ. ಎದುರು ಗೋಡೆಯ ಮೇಲೆ ಕೆಂಪು ಅಂಕಿಗಳ ದೊಡ್ಡ ಬೋರ್ಡು, ನನ್ನ ಹೆಬ್ಬೆರಳು ಹೇಳಿದ್ದನ್ನೇ ಎಲ್ಲರಿಗೂ ತೋರಿಸುವುದು. ಪಂದ್ಯದುದ್ದಕ್ಕೂ ಪುಟ್ಟನ ಕಡೆ ತಮ್ಮನೆಂದು ಒಮ್ಮೆಯೂ ನೋಡಲಿಲ್ಲ. ಅವನು ಬಿದ್ದು ಮೊಣಕಾಲು ಹಿಡಿದುಕೊಂಡಾಗಲೂ ಅಂಕಿಯನ್ನೇ ನೋಡುತ್ತಿದ್ದೆ. ಅಂಗೈ ಮಾತ್ರ ಬೆವರುತ್ತಿತ್ತು, ಸೀರೆಗೆ ಒರೆಸಿಕೊಂಡು ಒರೆಸಿಕೊಂಡು ಆ ಜಾಗವೇ ಒದ್ದೆಯಾಗಿತ್ತು.

ಕೊನೆಗೆ ನಮ್ಮವರು ಒಂದು ಅಂಕ ಹಿಂದೆ. ಚೆಂಡು ಎದುರಿನ ಪಕ್ಕದ ಗೆರೆಯಾಚೆ, ನಮ್ಮವರ ಕೈಯಲ್ಲಿ. ಉಳಿದದ್ದು ಸೊನ್ನೆ ಪಾಯಿಂಟ್ ಎಂಟು ಸೆಕೆಂಡು. ಕೇಳುವವರಿಗೆ ಇದು ಕಾಲವೇ ಅಲ್ಲ. ಆಡುವವರಿಗೆ, ಹಿಡಿದು ತಿರುಗಿ ಎಸೆಯಲು ಸರಿಯಾಗಿ ಸಾಕು. ಎಲ್ಲರಿಗೂ ಗೊತ್ತು ಚೆಂಡು ಏಣಿಗೇ ಬರುತ್ತದೆಂದು. ಎದುರಾಳಿ ಕೋಚ್ ನಮ್ಮ ಮೇಜಿನ ಮುಂದೆ ಬಂದು ನಿಂತು, ನನ್ನ ಕಡೆ ತಿರುಗದೆಯೇ, “ಈಗ ನೋಡೋಣ ಮನೆ ಬೆರಳು,” ಎಂದ.

ಆ ಮಾತು ಅವನಾಡದಿದ್ದರೂ ಅದು ನನ್ನ ತಲೆಯಲ್ಲಿ ಸಂಜೆಯಿಂದ ಕೂತಿತ್ತು. ತಡವಾಗಬಾರದು, ತಮ್ಮನಿಗಾಗಿ ತಡ ಮಾಡಿದಳು ಎನ್ನಿಸಿಕೊಳ್ಳಬಾರದು. ನಾನು ನೋಡಬೇಕಾದದ್ದು ರೆಫ್ರಿಯ ಎತ್ತಿದ ಕೈ. ನೋಡಿದ್ದು ಚೆಂಡು ಹಿಡಿದು ಗೆರೆಯಾಚೆ ನಿಂತವನ ಕೈ. ಅವನ ಬೆರಳುಗಳಿಂದ ಚೆಂಡು ಬಿಟ್ಟಿತು, ನಾನು ಒತ್ತಿದೆ. ಒತ್ತಿದ ಕ್ಷಣವೇ ಗೊತ್ತಾಯಿತು. ಚೆಂಡು ಇನ್ನೂ ಗಾಳಿಯಲ್ಲಿತ್ತು, ರೆಫ್ರಿಯ ಕೈ ಇನ್ನೂ ಮೇಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕದಿಯದೆಯೇ ಮುಟ್ಟಿ ನೋಡಿಕೊಂಡಿದ್ದೆ.

ಪುಟ್ಟ ಹಿಡಿದ, ತಿರುಗಿದ, ಮೇಲೆದ್ದ. ಚೆಂಡು ಅವನ ಕೈಯಲ್ಲಿರುವಾಗಲೇ ಬಜರ್ ಕೂಗಿತು. ಚೆಂಡು ಹೋಗಿ ಬುಟ್ಟಿಯ ಬಳೆಯೊಳಗೆ ಬಿತ್ತು, ಬಲೆ ಬಿಟ್ಟರೆ ಏನಕ್ಕೂ ತಾಗಲಿಲ್ಲ. ರೆಫ್ರಿ ಎರಡೂ ಕೈ ಅಡ್ಡ ಬೀಸಿ ಅಂಕ ಇಲ್ಲವೆಂದರು. ಅತ್ತ ಅವರ ಕಡೆ ಕುಣಿತ, ಇತ್ತ ನಮ್ಮವರ ಕೂಗಾಟ.

ನಾನು ಎದ್ದು ನಿಂತೆ. ಹದಿನೇಳು ವರ್ಷದಲ್ಲಿ ಪಂದ್ಯ ಮುಗಿಯುವ ಮೊದಲು ಎದ್ದದ್ದು ಅದೇ ಮೊದಲು. ರೆಫ್ರಿ ಹತ್ತಿರ ಬಂದರು.

“ತಪ್ಪು ನಂದು,” ಎಂದೆ. “ಬಾಲ್ ಗಾಳಿಯಲ್ಲಿದ್ದಾಗಲೇ ಒತ್ತಿಬಿಟ್ಟೆ. ಕಾಲ ವಾಪಸ್ ಹಾಕಿ, ಎಸೆತ ಮತ್ತೆ ಆಗಬೇಕು.”

ಎದುರಾಳಿ ಕೋಚ್ ನಗಲು ಶುರುಮಾಡಿದ. “ತಮ್ಮನಿಗೆ ಅಕ್ಕ ಸಾಕ್ಷಿ. ಚೆನ್ನಾಗಿದೆ ಸರ್. ಬಾಲ್ ಒಳಗೆ ಹೋದ್ಮೇಲೆ ನೆನಪಾಯ್ತಾ ಇವರಿಗೆ?”

ಬೋರ್ಡಿಗೆ ಬೆನ್ನು ಹಾಕಿ ನಿಂತಿದ್ದ ರೆಫ್ರಿಗೆ ಅದು ಕಂಡಿರಲಿಲ್ಲ, ಗಣಿತದ ಮೇಷ್ಟ್ರನ್ನು ಕೇಳಿದರು. ಪಾಪ, ಅವರು ಹಾಳೆ ನೋಡುತ್ತಿದ್ದರು. ಇನ್ನೊಬ್ಬ ರೆಫ್ರಿ ಬಳೆ ನೋಡುತ್ತಿದ್ದರು. ಆ ಹಾಲಿನಲ್ಲಿ ಕ್ಯಾಮೆರಾ ಇಲ್ಲ. ಕೊನೆಗೆ ರೆಫ್ರಿ ನಾಯಕನನ್ನು ಕರೆದು ಕೇಳಿದರು, ಬೋರ್ಡು ಅವನ ಎದುರಿಗೇ ಇತ್ತಲ್ಲ.

ಪುಟ್ಟ ನನ್ನನ್ನು ನೋಡಲಿಲ್ಲ. ಟೀಶರ್ಟಿನಿಂದ ಮುಖ ಒರೆಸಿಕೊಂಡು ಹೇಳಿದ: “ಬಾಲ್ ನನ್ನ ಕೈಗೆ ಬಂದ್ಮೇಲೇ ಗಡಿಯಾರ ಓಡಿದ್ದು ಸರ್. ನಾನೇ ತಡ ಮಾಡ್ದೆ. ಅಕ್ಕ ಗಾಬರಿಯಾಗಿ ಏನೋ ಹೇಳ್ತಿದಾಳೆ, ಬಿಟ್ಬಿಡಿ.”

ಆಮೇಲೆ ಅವರ ಕಡೆಯವರು ಎದ್ದು ನಿಂತು ಅವನಿಗೆ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ನಮ್ಮವರೂ ತಟ್ಟಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಗುಂಡಿಯ ಪೆಟ್ಟಿಗೆಯ ವೈರು ಸುತ್ತಿದೆ, ಚೀಲಕ್ಕೆ ಹಾಕಿದೆ, ಹಿಂದಿನ ಬಾಗಿಲಿನಿಂದ ಮನೆಗೆ ನಡೆದೆ.

ಮರುದಿನದ ಪತ್ರಿಕೆಯಲ್ಲಿ ಅವನ ಫೋಟೋ, ಕೆಳಗೆ ‘ಸೋತು ಗೆದ್ದ ನಾಯಕ’ ಎಂದು. ಮೂರನೇ ಪ್ಯಾರಾದಲ್ಲಿ ‘ನಾಯಕನ ಸಹೋದರಿಯೂ ಆಗಿರುವ ಟೈಮರ್’ ಎಂದು ನಾನು. ಅವನ ಸುಳ್ಳು ಪ್ರಾಮಾಣಿಕತೆಯಾಯಿತು, ನನ್ನ ನಿಜ ಕಳ್ಳಾಟವಾಯಿತು. ಅಂಗಡಿಗೆ ಬಂದ ಗಿರಾಕಿಯೊಬ್ಬರು, “ತಮ್ಮನ ಮೇಲಿನ ಪ್ರೀತಿ, ಸಹಜ ಬಿಡಿ,” ಎಂದು ಸಮಾಧಾನ ಹೇಳಿದರು. ಆ ದಿನ ಎರಡು ಗಾಜು ಒಡೆದೆ. ಪುಟ್ಟನ ಜೊತೆ ಮಾತು ಬಿಟ್ಟೆ. ಅವನೂ ಮಾತಿಗೆ ಬರಲಿಲ್ಲ, ಬೆಳಗಾದರೆ ಎಲ್ಲಿಗೋ ಹೋಗುವುದು, ಊಟದ ಹೊತ್ತಿಗೆ ಬರುವುದು, ಮತ್ತೆ ಹೋಗುವುದು.

ಬುಧವಾರ ಸೆಕ್ರೆಟರಿ ಅಂಗಡಿಗೇ ಬಂದರು. ಕೈಯಲ್ಲಿ ಫೈಲು.

“ಮೇಡಂ, ನಿಮ್ಮ ತಮ್ಮ ದೊಡ್ಡ ಮನುಷ್ಯನಾಗೋಕೆ ಹೋಗಿ ನಮ್ಮ ಕತ್ತು ಕುಯ್ದ. ನಾವು ಸಂಘಕ್ಕೆ ತಕರಾರು ಕೊಟ್ಟಿದೀವಿ. ಶನಿವಾರ ವಿಚಾರಣೆ. ನೀವು ಅವತ್ತು ಹೇಳಿದ್ದನ್ನೇ ಹೇಳಿ, ಹೆಚ್ಚೂ ಬೇಡ ಕಡಿಮೆಯೂ ಬೇಡ.”

“ನನ್ನ ಮಾತು ಯಾರು ನಂಬ್ತಾರೆ ಸರ್?”

“ರೆಫ್ರಿಗೂ ಈಗ ಅನುಮಾನ ಬಂದಿದೆ. ಹಿಡಿದು ತಿರುಗಿ ಏಳೋಕೆ ಅಷ್ಟು ಹೊತ್ತಾಗಲ್ಲ ಅಂತ ಅವರೇ ಬರೆದುಕೊಟ್ಟಿದಾರೆ. ಅದರ ಮೇಲೆ ಟೈಮರ್ ತಾನೇ ತಪ್ಪು ಅಂತ ಒಪ್ಕೊಂಡ್ರೆ ಮುಗೀತು, ಪಂದ್ಯ ಮತ್ತೆ ಆಡಿಸ್ಲೇಬೇಕು. ಆ ತಂಡದ ಇಬ್ಬರಿಗೆ ಪೆಟ್ಟಾಗಿದೆ, ಈ ಸಲ ಗೆಲ್ಲೋದು ನಾವೇ.”

“ಪುಟ್ಟ ಅಷ್ಟರಲ್ಲಿ ಹೊರಟುಬಿಟ್ಟಿರ್ತಾನೆ.”

“ಹೇಗೆ ಹೋಗ್ತಾನೆ?” ಸೆಕ್ರೆಟರಿ ಕಣ್ಣು ಮಿಟುಕಿಸಿದರು. ಒಂದು ದೇಶದ ಆಟಗಾರ ಇನ್ನೊಂದು ದೇಶದಲ್ಲಿ ಆಡಬೇಕಾದರೆ ಇಲ್ಲಿಯ ಸಂಘ ತನ್ನದೇನೂ ಅಡ್ಡಿಯಿಲ್ಲವೆಂದು ಪತ್ರ ಕೊಡಬೇಕು. ಪಂದ್ಯದ ಫಲಿತಾಂಶ ಇತ್ಯರ್ಥವಾಗುವ ತನಕ ಆ ಪತ್ರ ಇಲ್ಲ. ಅಲ್ಲಿ ಹೊಸ ಹೆಸರು ಸೇರಿಸಲು ಕೊನೆಯ ದಿನ ಸೋಮವಾರ. ಶನಿವಾರ ನಾನು ನಿಜ ಹೇಳಿದರೆ ಪುಟ್ಟನ ಆ ಬಾಗಿಲು ಮುಚ್ಚಿತು, ಈ ಬಾಗಿಲು ತೆರೆಯಿತು.

ನ್ಯಾಯವೂ ಆಸೆಯೂ ಒಂದೇ ಕಡೆ ಸಿಗುವುದು ಬದುಕಿನಲ್ಲಿ ಎಷ್ಟು ಸಲ? ಆ ಸಂಜೆ ನಾನು ಅಂಗಡಿಯಿಂದ ಕಾಲು ನೆಲಕ್ಕೆ ತಾಗದವಳ ಹಾಗೆ ಬಂದೆ. ಹೋದ ಮಾನವೂ ಬರುತ್ತದೆ, ತಮ್ಮನೂ ಉಳಿಯುತ್ತಾನೆ. ಆದರೂ ಒಳಗೆ ಏನೋ ಕೂತು ಕೆರೆಯುತ್ತಿತ್ತು. ಅವನು ಯಾಕೆ ಹಾಗೆ ಹೇಳಿದ?

ಶುಕ್ರವಾರ ಸಂಜೆ ಕೇಳಿಯೇಬಿಟ್ಟೆ. ಅವನು ಹಜಾರದಲ್ಲಿ ನಿಂತು ಕೆಟ್ಟ ಬಲ್ಬು ಬಿಚ್ಚುತ್ತಿದ್ದ. ಸ್ಟೂಲು ಹುಡುಕದೆ ಮಾಡುವ ಒಂದೇ ಮನೆಗೆಲಸ ಅದು, ಎಂಟು ತಿಂಗಳಲ್ಲಿ ಎಲ್ಲ ಬಲ್ಬುಗಳನ್ನೂ ಬದಲಾಯಿಸಿದ್ದ. ಅಮ್ಮ ಒಳಗೆ ಬಟ್ಟೆ ಮಡಿಸುತ್ತಿದ್ದಳು.

“ಪುಟ್ಟ, ನನ್ನ ಮೇಲೆ ಆಣೆ. ನಾನು ಯಾವಾಗ ಒತ್ತಿದೆ?”

“ಬಾಲ್ ಗಾಳೀಲಿದ್ದಾಗ,” ಎಂದ, ಬಲ್ಬಿನ ಕಡೆಯೇ ನೋಡುತ್ತಾ.

ಅಷ್ಟು ಸಲೀಸಾಗಿ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ.

“ನೋಡ್ದ್ಯಾ?”

“ನೋಡ್ದೆ. ಬೋರ್ಡು ಕಣ್ಣೆದುರಿಗೇ ಇತ್ತು. ಎಂಟು, ಏಳು, ಆರು ಅಂತ ಇಳೀತಿತ್ತು, ಬಾಲ್ ಇನ್ನೂ ಬಂದೇ ಇರ್ಲಿಲ್ಲ.”

“ಮತ್ತೆ ಎಂಟುನೂರು ಜನದ ಮುಂದೆ ನನ್ನನ್ನ ಸುಳ್ಳಿ ಮಾಡಿದ್ಯಲ್ಲೋ. ಯಾಕೆ? ನಾನು ನಿನಗೆ ಏನು ಮಾಡಿದ್ದೆ?”

ಅವನು ಕೈ ಕೆಳಗಿಳಿಸಿದ. ಹಳೇ ಬಲ್ಬನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ, ಜೇಬಿಗೆ ಹಾಕಿಕೊಂಡ, ಮತ್ತೆ ತೆಗೆದ.

“ಬಾಲ್ ಒಳಗೆ ಹೋಯ್ತಲ್ಲ ಅಕ್ಕ, ಆಗ ನನಗೆ ಖುಷಿ ಆಗ್ಬೇಕಿತ್ತು. ಆಗ್ಲಿಲ್ಲ. ಮುಗೀತು, ಇನ್ನು ಮೂರು ವರ್ಷ ಇಲ್ಲೇ ಅಂದ್ಕೊಂಡೆ. ಅಷ್ಟರಲ್ಲಿ ರೆಫ್ರಿ ಕೈ ಬೀಸಿ ಇಲ್ಲ ಅಂದ್ರು. ಉಸಿರು ಬಂತು. ಆಮೇಲೆ ನೋಡಿದ್ರೆ ನೀನು ಎದ್ದು ನಿಂತಿದೀಯ.”

“ಇಲ್ಲಿ ಏನು ಕಷ್ಟ ಕೊಟ್ವೋ ನಿನಗೆ?”

“ಕಷ್ಟ ಇಲ್ಲ. ಅದೇ ಕಷ್ಟ.” ಅವನು ಬಾಗಿಲ ತನಕ ಹೋಗಿ ತಿರುಗಿ ಬಂದ. “ಅಲ್ಲಿ ಪ್ರತಿ ಪಂದ್ಯವೂ ನಾಳೆ ಕಳಿಸ್ಬಿಡ್ತಾರೆ ಅಂತಾನೇ ಆಡ್ತೀನಿ. ಹದಿನಾಲ್ಕು ವರ್ಷ ಹಾಗೇ ಆಡಿದೀನಿ, ಬೇರೆ ಥರ ಬರಲ್ಲ. ಇಲ್ಲಿ ಯಾರೂ ಕಳ್ಸಲ್ಲ. ಕೆಟ್ಟದಾಗಿ ಆಡಿದ್ರೂ ಬೆನ್ನು ತಟ್ತಾರೆ. ಬೆಳಿಗ್ಗೆ ಎದ್ರೆ ಯಾಕೆ ಎದ್ದೆ ಅಂತ ಗೊತ್ತಾಗಲ್ಲ. ಮೈಯೆಲ್ಲ ಇರುವೆ ಹರಿದಂಗಾಗುತ್ತೆ.”

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?”

“ನೀನು ಬೀರು ಖಾಲಿ ಮಾಡಿ ಕೊಟ್ಟಿದ್ದೆ. ನಿನ್ನ ಮುಖ ನೋಡ್ಕೊಂಡು ಹೇಗೆ ಹೇಳ್ಲಿ?”

ನನಗೆ ಹೊಡೆಯಬೇಕೆನ್ನಿಸಿತು. ಕೈಗೆ ಸಲೀಸಾಗಿ ಸಿಗುವುದು ಅವನ ತೋಳಿನ ತನಕ ಮಾತ್ರ, ಅಲ್ಲಿಗೇ ಒಂದು ಕೊಟ್ಟೆ.

“ನಾಳೆ ನೀನು ನಿಜಾನೇ ಹೇಳಕ್ಕ,” ಎಂದ. “ನಾನು ಬೇಡ ಅನ್ನಲ್ಲ. ಮತ್ತೆ ಆಡ್ಸಿದ್ರೆ ಆಡ್ತೀನಿ.”

“ಸೋಲೋಕಾ?”

“ಇಲ್ಲ. ಗೆಲ್ಲೋಕೇ. ಅಂಕಣಕ್ಕೆ ಇಳಿದ್ಮೇಲೆ ಸೋಲೋಕೆ ಆಡೋದು ನನಗೆ ಗೊತ್ತಿಲ್ಲ.” ಹೊಸ ಬಲ್ಬು ಹಾಕಿ, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವನು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು, ಅದಕ್ಕೇ ಇನ್ನೂ ಸಂಕಟವಾಯಿತು. ಮತ್ತೆ ಆಡಿಸಿದರೆ ಗೆಲ್ಲುತ್ತಾನೆ. ಗೆದ್ದು ಮೂರು ವರ್ಷ ಈ ಹಜಾರದಲ್ಲಿ ಎಂಟು ಹೆಜ್ಜೆ ಹಾಕುತ್ತಾನೆ. ನನಗೆ ಬೇಕಾದದ್ದೆಲ್ಲ ಸಿಗುತ್ತದೆ. ಅಮ್ಮ ಮಡಿಸಿದ ಬಟ್ಟೆಯ ರಾಶಿ ಹಿಡಿದು ಹೊರಗೆ ಬಂದಳು.

“ಎಲ್ಲಾ ಕೇಳಿಸ್ಕೊಂಡ್ಯಾ?”

“ಕಿವಿ ಇನ್ನೂ ಚೆನ್ನಾಗಿದೆ,” ಎಂದಳು. “ನಿನಗೆ ತಮ್ಮ ಬೇಕಾ, ಬಲ್ಬು ಹಾಕೋಕೆ ಒಬ್ಬ ಎತ್ತರದ ಮನುಷ್ಯ ಬೇಕಾ, ಅದನ್ನ ಮೊದಲು ತೀರ್ಮಾನ ಮಾಡ್ಕೋ.”

“ಅಂದ್ರೆ ನಾನು ಸುಳ್ಳು ಹೇಳ್ಬೇಕಾ?”

“ನಾನು ಹಾಗೆ ಹೇಳಿದ್ನಾ? ನಿನ್ನ ಬೆರಳು, ನಿನ್ನ ಬಾಯಿ. ನಡುವೆ ನನ್ನ ತರ್ಬೇಡ.”

ಶನಿವಾರ ಹನ್ನೊಂದು ಗಂಟೆಗೆ ಸಂಘದ ಕಚೇರಿ. ಉದ್ದನೆಯ ಮೇಜು, ಹಸಿರು ಬಟ್ಟೆ, ಅದರ ಹಿಂದೆ ಸಮಿತಿಯ ಮೂವರು. ನಡುವೆ ಕೂತಿದ್ದ ಅಧ್ಯಕ್ಷರ ಕನ್ನಡಕ ನಾನೇ ಕೂರಿಸಿದ್ದು. ಒಂದು ಪಕ್ಕ ಸೆಕ್ರೆಟರಿ, ಇನ್ನೊಂದು ಪಕ್ಕ ಆ ಕೋಚ್. ಹೊರಗೆ ಕಾರಿಡಾರಿನಲ್ಲಿ ನಮ್ಮ ತಂಡದ ಹನ್ನೊಂದು ಮಂದಿ ಗೋಡೆಗೊರಗಿ ನಿಂತಿದ್ದರು. ನಾನು ಹಾದುಹೋಗುವಾಗ ಅವರು ಒಬ್ಬೊಬ್ಬರಾಗಿ ಸರಿದು ದಾರಿ ಬಿಟ್ಟರು, ಒಬ್ಬ ಕೈಮುಗಿದ. ರಾತ್ರಿಯಿಡೀ ಪುಟ್ಟನನ್ನೂ ನನ್ನನ್ನೂ ತೂಗಿ ನೋಡಿದ್ದೆ, ಇವರನ್ನು ತಕ್ಕಡಿಗೆ ಹಾಕಿಯೇ ಇರಲಿಲ್ಲ. ಇವರದೂ ಒಂದು ವರ್ಷದ ಬೆವರು ಅದರಲ್ಲಿತ್ತು.

ಒಳಗೆ ಹೋಗುವ ತನಕ ಏನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಅಧ್ಯಕ್ಷರು ಕಾಗದ ಓದಿ, ಕನ್ನಡಕದ ಮೇಲಿಂದ ನೋಡಿದರು.

“ಚೆಂಡು ಆಟಗಾರನ ಕೈಗೆ ತಾಗುವ ಮೊದಲೇ ನೀವು ಗಡಿಯಾರ ಓಡಿಸಿದಿರಾ? ಹೌದು ಅಥವಾ ಇಲ್ಲ, ಅಷ್ಟು ಹೇಳಿ ಸಾಕು.”

ಹೌದು ಎನ್ನುವುದು ಬಾಯಿಯ ತುದಿಯಲ್ಲಿತ್ತು. ಅದು ನಿಜ, ಅದು ನನ್ನದು, ಹದಿನೇಳು ವರ್ಷ ಕಾಪಾಡಿಕೊಂಡದ್ದು. ಬಾಗಿಲಿನ ಗಾಜಿನಾಚೆ ಪುಟ್ಟ ಕಾಣುತ್ತಿದ್ದ. ಕಾರಿಡಾರಿನ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ತಲೆ ತಗ್ಗಿಸಿಕೊಂಡು, ಬಾಗಿಲಿಲ್ಲದ ಕಡೆಯಲ್ಲೂ ತಗ್ಗಿಸಿಕೊಂಡು ನಡೆಯುತ್ತಿದ್ದ. ಎಂಟು ತಿಂಗಳಿಂದ ಅದನ್ನು ನೋಡುತ್ತಿದ್ದೆ, ನೋಡಿಯೂ ಸೋಫಾ ಎಲ್ಲಿಡೋಣ ಎಂದು ಮಾತಾಡುತ್ತಿದ್ದೆ.

“ಇಲ್ಲ,” ಎಂದೆ. “ಕೈಗೆ ತಾಗಿದ ಮೇಲೇ ಒತ್ತಿದ್ದು. ಅವತ್ತು ಗಾಬರಿಯಲ್ಲಿ ಬಾಯಿತಪ್ಪಿ ಹೇಳಿದೆ.”

ಸೆಕ್ರೆಟರಿ ಫೈಲು ಮುಚ್ಚಿದ ಸದ್ದು ಕೇಳಿಸಿತು. ಆ ಕೋಚ್ ಈ ಸಲ ನಗಲಿಲ್ಲ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ, ಅವನಿಗೆ ಗೊತ್ತಾಗಿರಬೇಕು. ಅಧ್ಯಕ್ಷರು, ಹಾಗಾದರೆ ಫಲಿತಾಂಶ ಬದಲಾಗುವುದಿಲ್ಲ, ನಾಯಕನ ಪತ್ರಕ್ಕೆ ಇವತ್ತೇ ಸಹಿ ಹಾಕಿಕೊಡಿ, ಮತ್ತು ಇನ್ನು ಮುಂದೆ ಇವರನ್ನು ಮೇಜಿಗೆ ಕೂರಿಸುವುದು ಬೇಡ ಎಂದು ಬರೆಸಿದರು. ನಾನು ಅದರ ಕೆಳಗೆ ಸಹಿ ಮಾಡಿದೆ.

ಹೊರಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಹನ್ನೊಂದು ಮಂದಿ ಮೆಟ್ಟಿಲಿಳಿಯುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಅವರಿಗೆ ನಾನು ಮಾಡಿದ್ದು ಅನ್ಯಾಯ. ಅದಕ್ಕೆ ಯಾವ ಸಬೂಬೂ ನನ್ನ ಹತ್ತಿರ ಇಲ್ಲ, ಇವತ್ತಿಗೂ ಇಲ್ಲ.

ಪುಟ್ಟ ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ನನಗೆ ಗೊತ್ತಿಲ್ಲದ ಯಾವುದೋ ಭಾಷೆ, ಅಡ್ಡಾದಿಡ್ಡಿಯಾಗಿ, ನಡುನಡುವೆ ನಮ್ಮ ಮಾತು ಸೇರಿಸಿ. ಆ ಕಡೆಯವರು ಏನೋ ಹೇಳಿದರು, ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಎಂಟು ತಿಂಗಳಲ್ಲಿ ಆ ನಗು ನಮ್ಮ ಮನೆಯೊಳಗೆ ಒಂದು ಸಲವೂ ಕೇಳಿರಲಿಲ್ಲ. ಫೋನಿನಲ್ಲಿ ಹದಿನಾಲ್ಕು ವರ್ಷ ನಾನು ಕೇಳಿಸಿಕೊಂಡು ಅತ್ತದ್ದು ಇದೇ ನಗುವಿಗೆ. ಅವನು ಸಂಕಟ ಮುಚ್ಚಿಡಲು ನಗುತ್ತಾನೆಂದು ತಿಳಿದಿದ್ದೆ. ಅವನು ಸುಮ್ಮನೆ ನಗುತ್ತಿದ್ದ, ಅಷ್ಟೇ.

ನಾನು ಅವನ ಮಾತು ಮುಗಿಯುವ ತನಕ ಕಾದೆ. ಅವನು ತಿರುಗಿ ನನ್ನನ್ನು ಕಂಡ. ನಗು ಹಾಗೇ ನಿಂತುಹೋಯಿತು. ಹತ್ತಿರ ಬಂದು, ಬಗ್ಗಿ, ನನ್ನ ಹಣೆಗೆ ಹಣೆ ತಾಗಿಸಿದ.

“ಯಾವಾಗ?” ಎಂದು ಕೇಳಿದೆ.

“ನಾಳೆ ಬೆಳಿಗ್ಗೆ.” ಆಮೇಲೆ ಮೆಲ್ಲಗೆ, “ಅಕ್ಕ, ಅಮ್ಮನಿಗೆ ನೀನೇ ಹೇಳ್ತೀಯಾ?”

“ಇಲ್ಲ,” ಎಂದೆ. “ನನ್ನ ಪಾಲಿನ ಸುಳ್ಳು ನಾನು ಹೇಳಿ ಆಯ್ತು. ನಿನ್ನ ಪಾಲಿನ ನಿಜ ನೀನು ಹೇಳು. ಎದುರಿಗೆ ಕೂತ್ಕೊಂಡು ಹೇಳು.”